ಒರೆಸಿಹೋದ ನೆಗೆಟಿವ್‌ಗಳು

ರಾಜಾಜಿನಗರದ ಸ್ಟುಡಿಯೋದಲ್ಲಿ ನಮ್ಮಕ್ಕ ಒಂದು ಕಣ್ಣು ಮುಚ್ಚಿ, ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ, ಮದುವೆಗೆಂದು ಫೋಟೋ ತೆಗೆಸಿದ ಹುಡುಗಿಯರ ಮುಖದ ಸಿಡುಬಿನ ಕಲೆ ಮರೆಮಾಡುತ್ತಿದ್ದಳು. ತಿದ್ದಿದ್ದನ್ನು ಬೇರೆ ಡಬ್ಬಿಗೆ ಹಾಕುವಾಗಲೆಲ್ಲ, "ಹೋಗಮ್ಮ, ಇನ್ನು ಗಂಡು ಒಪ್ತಾನೆ," ಅನ್ನುತ್ತಿದ್ದಳು.

ಓದು ಹತ್ತದೆ ಅಲ್ಲೇ ಕಸ ಗುಡಿಸೋಕೆ ಹೊಸದಾಗಿ ಸೇರಿದ್ದ ನಾನು, ಒಂದು ಮಧ್ಯಾಹ್ನ ಡಬ್ಬಿಗಳನ್ನು ಜೋಡಿಸುವಾಗ, ಪೆನ್ಸಿಲ್ ಗುರುತನ್ನು ಕೊಳೆಯೆಂದುಕೊಂಡು ತಿದ್ದಿದ್ದನ್ನೆಲ್ಲ ಒರೆಸಿಬಿಟ್ಟೆ.

"ಯಾರಮ್ಮ ಒರೆಸಿದ್ದು?" ಅಂತ ಓನರ್ ಕೂಗಾಡಿದರು.

"ನಾನೇ ಸಾರ್. ಸರಿ ಬಂದಿರಲಿಲ್ಲ," ಅಂದಳು ಅಕ್ಕ.

ನಾನು ಪೊರಕೆ ಹಿಡಿದು ಗುಡಿಸುತ್ತಲೇ ಇದ್ದೆ. ಅವಳ ಕೆಲಸ ಹೋಯಿತು.

ಬೇರೆ ಯಾರೂ ಸಿಗದೆ ಓನರ್ ಅವಳ ಜಾಗಕ್ಕೆ ನನ್ನನ್ನೇ ಕೂರಿಸಿದರು. ಮನೆಯಲ್ಲಿ ಪಕ್ಕ ಕೂತು, "ಕೈ ಬಿಗಿ ಹಿಡೀಬೇಡ್ವೋ, ಹಗುರವಾಗಿ ಆಡ್ಸು," ಅಂತ ಆ ಕೆಲಸ ಕಲಿಸಿದವಳು ಅಕ್ಕನೇ.