ಪೈನೆಮಕ್ಕನ ಕಾಯಂ ಗಿರಾಕಿಗಳು

ಜಾವಾದ ನಮ್ಮ ಕ್ಲಾತೆನ್ ಊರಿನ ಓಣಿಗಳಲ್ಲಿ ಪೈನೆಮಕ್ಕ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಕಷಾಯ ಮಾರಲು ಹಿಡಿದು ಮೂವತ್ತು ವರ್ಷವಾಯಿತು. ಗಂಡಸರಿಗೆ ಸೊಂಟನೋವಿನ ಕಷಾಯ, ಹೆಂಗಸರಿಗೆ ವೀಳ್ಯದೆಲೆಯದು. ತುರಿಕೆ, ಬಿಳಿಮುಟ್ಟು ಎಂದು ಯಾರಾದರೂ ಬಾಗಿಲ ಸಂದಿಯಲ್ಲಿ ಪಿಸುಗುಟ್ಟಿದರೆ ಒಂದು ಲೋಟ ಕುಡಿಸಿ, ತೊಳೆದುಕೊಳ್ಳಲು ಒಂದು ಶೀಶೆ ಕೊಡುತ್ತಿದ್ದಳು.

"ನನ್ನ ಕೈಗುಣ ನೋಡು, ಒಮ್ಮೆ ಕುಡಿದವಳು ಮತ್ತೆ ಬಂದೇ ಬರ್ತಾಳೆ" ಎಂದು ಜಂಬ ಕೊಚ್ಚುತ್ತಿದ್ದಳು. ನಾನೂ ಅವಳ ವೀಳ್ಯದೆಲೆ ಕಷಾಯಕ್ಕೆ ಹತ್ತು ವರ್ಷದ ಗಿರಾಕಿ.

ಅವಳ ಸೊಸೆ ಲಾಸ್ತ್ರಿಗೆ ಮಾತ್ರ ಆ ಕೈಗುಣ ಹತ್ತಲಿಲ್ಲ. ಹೆರಿಗೆ ಮಾಡಿಸುವ ನರ್ಸಮ್ಮ ರತ್ಮಿ ಕೊಟ್ಟ ಮಾತ್ರೆಯಿಂದ ವಾಸಿಯಾಗುವುದು, ತಿಂಗಳೊಳಗೆ ಮತ್ತೆ ಉರಿ, ನಾತ. ಮೂರನೆಯ ಸಲ ಹೀಗಾದಾಗ ಪೈನೆಮಕ್ಕ ಅವಳನ್ನು ಶುಚಿಯಿಲ್ಲದವಳು ಎಂದು ಓಣಿಗೆಲ್ಲ ಕೇಳುವಂತೆ ಬೈದಳು. ಲಾರಿ ಓಡಿಸುವ ಮಗ ತಾರ್ನೊ, ಇವಳನ್ನು ತವರಿಗೆ ಅಟ್ಟಿಬಿಡುತ್ತೇನೆ ಎಂದ. ಲಾಸ್ತ್ರಿ ಅಳುತ್ತಾ ಬಟ್ಟೆ ಗಂಟು ಕಟ್ಟಿದಳು. ಅತ್ತೆ ಸೊಸೆ ಇಬ್ಬರನ್ನೂ ನಾನೇ ರತ್ಮಿಯ ಹತ್ತಿರ ಎಳೆದುಕೊಂಡು ಹೋದೆ.

"ಮಾತ್ರೆ ಯಾರು ನುಂಗಿದ್ರಿ?" ರತ್ಮಿ ಕೇಳಿದಳು.

"ನಾನೇ" ಎಂದಳು ಲಾಸ್ತ್ರಿ.

"ಗಂಡ?"

"ಅವನಿಗೇನು ಬಂದಿದೆ ರೋಗ? ಕಲ್ಲುಗುಂಡಿನ ಹಾಗಿದಾನೆ!" ಪೈನೆಮಕ್ಕ ಸಿಡುಕಿದಳು.

"ಗಂಡಸರಿಗೆ ಎಷ್ಟೋ ಸಲ ಗೊತ್ತೇ ಆಗಲ್ಲ ದೊಡ್ಡಮ್ಮ. ಎಲ್ಲಾ ಬಿಳಿಮುಟ್ಟೂ ಒಬ್ಬರಿಂದ ಒಬ್ಬರಿಗೆ ದಾಟಲ್ಲ. ಇವಳಿಗಿರೋದು ದಾಟುತ್ತೆ. ಇವಳು ವಾಸಿ ಮಾಡ್ಕೊತಾಳೆ, ಅವನು ವಾಪಸ್ ಕೊಡ್ತಾನೆ. ಇಬ್ಬರೂ ಒಟ್ಟಿಗೆ ನುಂಗಬೇಕು, ವಾಸಿಯಾಗೋವರೆಗೂ ಬೇರೆ ಮಲಗಬೇಕು. ಯಾರಿಂದ ಶುರುವಾಯ್ತು ಅಂತ ಜಗಳ ಬೇಡ, ಅದನ್ನ ಹೇಳಕ್ಕಾಗಲ್ಲ. ಕಷಾಯದಲ್ಲಿ ಒಳಗೆ ತೊಳೆಯೋದನ್ನೂ ನಿಲ್ಲಿಸಿ."

ಪೈನೆಮಕ್ಕ ಇಬ್ಬರಿಗೂ ಆಗುವಷ್ಟು ಮಾತ್ರೆ ಇಸಿದುಕೊಂಡು ಬಂದಳು. ಮನೆಯಲ್ಲಿ ಮಾತ್ರೆ ನೋಡಿ ತಾರ್ನೊ ಮುಖ ಸಿಂಡರಿಸಿದ. "ಹೆಂಗಸರ ರೋಗಕ್ಕೆ ನಾನ್ಯಾಕವ್ವ ನುಂಗಲಿ?"

"ನಿನ್ನ ಹೆತ್ತವಳೂ ಹೆಂಗಸೇ. ಬಾಯಿ ತೆಗಿ!"

ಅವನು ನುಂಗಿದ. ಲಾಸ್ತ್ರಿ ಗಂಟು ಬಿಚ್ಚಿದಳು.

ಮೂರು ತಿಂಗಳಾದರೂ ರೋಗ ಮರಳಲಿಲ್ಲ. ಒಂದು ಬೆಳಿಗ್ಗೆ ಪೈನೆಮಕ್ಕ ನನ್ನ ಜಗಲಿಯಲ್ಲಿ ಬುಟ್ಟಿ ಇಳಿಸಿ ಕುಳಿತಳು. ವೀಳ್ಯದೆಲೆಯ ಶೀಶೆ ಹೊರಗೆ ತೆಗೆಯಲೇ ಇಲ್ಲ.

"ಸುಪಾರ್ತಿ, ಗಿನಾ, ಮೂಲೆಮನೆ ವಾರ್ಸಿನಿ... ಎಲ್ಲಾ ಮತ್ತೆ ಮತ್ತೆ ಬರ್ತಿದ್ರು. ನನ್ನ ಕೈಗುಣ ಅಂದ್ಕೊಂಡಿದ್ದೆ ಕಣೆ. ಎಷ್ಟು ಜನಕ್ಕೆ ವಾಸಿಯೇ ಆಗ್ತಿರಲಿಲ್ವೋ ಏನೋ!"

ಅವಳ ಕಣ್ಣು ತುಂಬಿತ್ತು. ನಾನು ಏನಾದರೂ ಸಮಾಧಾನ ಹೇಳುವಷ್ಟರಲ್ಲಿ ನನ್ನನ್ನೇ ದಿಟ್ಟಿಸಿದಳು.

"ನೀನೂ ಹತ್ತು ವರ್ಷದಿಂದ ಬರ್ತಿದೀಯ. ನಿನ್ನ ಗಂಡ ಮನೇಲಿದಾನಾ? ಕರಿ."