ಕಾಲಡಿಯ ಹೆಸರು

ನನ್ನ ಗಂಡ ಗುರುದತ್ತ ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಅಮೆರಿಕದ ನಾರ್ತ್ ಕ್ಯಾರೊಲೈನಾದ ಒಂದು ಪುಟ್ಟ ಊರಿನ ಪುರಸಭೆಯಲ್ಲಿ ಇಪ್ಪತ್ತು ವರ್ಷ ಸವೆಸಿದವರು. ಭಾನುವಾರ ಸುಮ್ಮನೆ ಸುತ್ತಾಡಲು ಹೊರಟರೂ ಅವರು ಮರಗಿಡ ನೋಡುವುದಿಲ್ಲ, ರಸ್ತೆಯ ಗುಂಡಿ ನೋಡುತ್ತಾರೆ. ‘ತಪ್ಪಾಯ್ತು’ ಎಂಬ ಮಾತನ್ನು ಅವರ ಬಾಯಿಂದ ಮದುವೆಯಾದಾಗಿನಿಂದ ನಾನಂತೂ ಕೇಳಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದರೂ ಅದು ಉಪ್ಪಿನದೇ ತಪ್ಪು.

೧೯೯೫ರಲ್ಲಿ ಎರಡನೇ ಮಹಾಯುದ್ಧ ಮುಗಿದು ಐವತ್ತು ವರ್ಷ ತುಂಬಿತು. ನಮ್ಮೂರ ಕೋರ್ಟಿನ ಎದುರಿನ ಯುದ್ಧ ಸ್ಮಾರಕದ ಕಲ್ಲಿನಲ್ಲಿ ಸತ್ತ ಬಿಳಿಯ ಸೈನಿಕರ ಹೆಸರುಗಳಷ್ಟೇ ಇದ್ದವು. ಅದೇ ಯುದ್ಧದಲ್ಲಿ ಸತ್ತ ಊರಿನ ಕರಿಯ ಹುಡುಗರ ಹೆಸರನ್ನು ಯಾರೂ ಕೆತ್ತಿಸಿರಲಿಲ್ಲ. ಈಗ ಪುರಸಭೆಯ ಕೌನ್ಸಿಲಿನವರು ಬಹಿರಂಗವಾಗಿ ವಿಷಾದ ಸೂಚಿಸಿ, ಆ ಹೆಸರುಗಳನ್ನೂ ಸೇರಿಸಲು ತೀರ್ಮಾನಿಸಿದರು. ಕಲ್ಲಿನಲ್ಲಿ ಜಾಗವಿರಲಿಲ್ಲ. ನಮ್ಮವರು ಸ್ಮಾರಕದವರೆಗೆ ಇಟ್ಟಿಗೆಯ ಹಾದಿ ಮಾಡಿ, ಒಂದೊಂದು ಇಟ್ಟಿಗೆಯ ಮೇಲೆ ಒಂದೊಂದು ಹೆಸರು ಕೆತ್ತಿಸಿ ನೆಲಕ್ಕೆ ಕೂರಿಸಿದರು. ಎಲ್ಲರೂ ಮೆಚ್ಚಿದರು. ಇವರು ಬೀಗಿದ್ದೇ ಬೀಗಿದ್ದು.

ಅವುಗಳಲ್ಲಿ ಒಂದು ಹೆಸರು ಎಲೈಜಾ. ನಮ್ಮ ಮಗಳು ನಂದಿತಾಗೆ ಪಿಯಾನೊ ಕಲಿಸುವ ಮಿಸ್ ಅರ್ಲೀನ್ ಅವರ ಅಣ್ಣ. ಇಟಲಿಯಲ್ಲಿ ಸತ್ತ, ಅಲ್ಲೇ ಮಣ್ಣಾದ.

ಹಾದಿಯ ಉದ್ಘಾಟನೆಯ ಸಮಾರಂಭಕ್ಕೆ ಇನ್ನೊಂದು ವಾರವಿತ್ತು. ನಂದಿತಾಳನ್ನು ಕರೆತರಲು ನಾವಿಬ್ಬರೂ ಅರ್ಲೀನ್ ಮನೆಗೆ ಹೋಗಿದ್ದೆವು. ಪಾಠ ಮುಗಿಸಿ ಏಳುವಾಗ ನಂದಿತಾ ಕೆಳಗೆ ಬಿದ್ದಿದ್ದ ಪುಸ್ತಕ ತುಳಿದಳು. ತಟ್ಟನೆ ಬಗ್ಗಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅದೇನೆಂದು ಅರ್ಲೀನ್ ಕೇಳಿದರು.

“ನಾವು ಅಕ್ಷರ ತುಳಿಯಬಾರದು. ಕಾಲು ತಗುಲಿದರೆ ಹೀಗೆ ಕ್ಷಮೆ ಕೇಳುತ್ತೇವೆ,” ಎಂದೆ ನಾನು.

ಅರ್ಲೀನ್ ನನ್ನ ಗಂಡನತ್ತ ಒಮ್ಮೆ ನೋಡಿ ಕಣ್ಣು ತಗ್ಗಿಸಿದರು. ಇವರ ಮುಖ ಇಳಿದುಹೋಯಿತು.

ಕಾರು ಹೊರಟು ಸ್ವಲ್ಪ ದೂರ ಹೋಯಿತು. ಆಮೇಲೆ, “ರಾಜಿ, ನ್ಯೂಸ್‌ಪೇಪರ್ ತುಳಿದ್ರೂ ಕಣ್ಣಿಗೊತ್ಕೊಳ್ಳೋನು ನಾನು. ಸತ್ತೋರ ಹೆಸರು ತಗೊಂಡ್ಹೋಗಿ ಜನರ ಕಾಲ್ಕೆಳಗೆ ಹಾಕ್ಬಿಟ್ನಲ್ಲೇ,” ಎಂದರು.

“ಇಲ್ಲಿ ಎಲ್ಲಾ ಕಡೆ ಹಾಗೇ ಮಾಡ್ತಾರಲ್ರೀ.”

“ಮಾಡ್ಲಿ. ಇದನ್ನ ಡಿಸೈನ್ ಮಾಡಿದ್ದು ನಾನು ತಾನೆ?” ಎಂದವರೇ ಕಾರು ತಿರುಗಿಸಿದರು.

“ಅಪ್ಪಾ, ವಾಟ್ ಹ್ಯಾಪನ್ಡ್?” ಎಂದಳು ನಂದಿತಾ.

ಅರ್ಲೀನ್ ಬಾಗಿಲು ತೆರೆದಾಗ ಇವರು ಬೂಟು ಬಿಚ್ಚಿ ನಿಂತಿದ್ದರು. “ತಪ್ಪಾಯಿತು, ಮಿಸ್ ಅರ್ಲೀನ್. ನಿಮ್ಮ ಅಣ್ಣನ ಹೆಸರನ್ನು ಜನ ತುಳಿದಾಡುವ ಕಡೆ ಇಟ್ಟುಬಿಟ್ಟೆ.”

ಅರ್ಲೀನ್ ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತರು. “ನಮ್ಮಮ್ಮ ಆ ಕೋರ್ಟಿನ ನೆಲ ಒರೆಸುತ್ತಿದ್ದಳು,” ಎಂದರು. “ನಿಮ್ಮ ಹಾದಿ ನೋಡಿದಾಗ, ಎಲೈಜಾನಿಗೂ ಕೊನೆಗೆ ನೆಲವೇ ಸಿಕ್ಕಿತಲ್ಲ ಅನ್ನಿಸಿತು.”

“ನನಗೊಂದು ಮಾತು ಹೇಳಬಾರದಿತ್ತೆ?”

“ಐವತ್ತು ವರ್ಷವಾದ ಮೇಲೆ ಒಂದು ‘ಸಾರಿ’ ಬಂದಿದೆ. ಅಲ್ಲಿ ಬೇಡ, ಇಲ್ಲಿಡಿ ಅಂದರೆ ಅದನ್ನೂ ವಾಪಸು ತಗೊಂಡುಬಿಟ್ಟರೆ? ಹೆದರಿದೆ.”

ನಮ್ಮವರ ಕಣ್ಣು ತುಂಬಿತು. ಆ ಹೊತ್ತಿನಲ್ಲಿ ಅವರ ಮೇಲೆ ನನಗೆ ಬಂದ ಪ್ರೀತಿ ಮದುವೆಯ ಹೊಸತರಲ್ಲೂ ಬಂದಿರಲಿಲ್ಲ.

ಮರುದಿನವೇ ಕೌನ್ಸಿಲಿಗೆ ಹೋಗಿ, ತಪ್ಪು ತನ್ನದೆಂದು ಎಲ್ಲರೆದುರು ಒಪ್ಪಿಕೊಂಡು, ಇಟ್ಟಿಗೆ ಕೀಳಲು ಅನುಮತಿ ಕೇಳಿದರು. ಸದಸ್ಯರು ಗೊಣಗಿದರು, ಕೊನೆಗೆ ಆಗಲಿ ಎಂದರು. ಅವೇ ಇಟ್ಟಿಗೆಗಳಿಂದ ಸ್ಮಾರಕದ ಪಕ್ಕದಲ್ಲಿ ಎದೆಯೆತ್ತರದ ಗೋಡೆ ಎದ್ದಿತು. ಇವರೂ ಕೆಲಸದವರ ಜೊತೆ ಗಾರೆ ಮೆತ್ತಿ, ಸೊಂಟ ಹಿಡಿಸಿಕೊಂಡು ಬಂದರು.

ಸಮಾರಂಭದಲ್ಲಿ ಮೇಯರ್ ವಿಷಾದದ ಹೇಳಿಕೆ ಓದಿದರು. ಒಳ್ಳೆಯ ಮಾತುಗಳೇ, ನಾನು ಹಗುರ ಮಾಡುವುದಿಲ್ಲ. ಅದು ಮುಗಿದ ಮೇಲೆ ಅರ್ಲೀನ್ ಎದ್ದು ಗೋಡೆಯ ಬಳಿ ಹೋದರು. ಹೆಸರು ಹುಡುಕಿ, ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದರು. ಆಮೇಲೆ ಇಟ್ಟಿಗೆಗೆ ಕೆನ್ನೆ ಒತ್ತಿ, “ಬಂದೆಯಾ, ಎಲೈಜಾ,” ಎಂದರು.

ಬ್ಯಾಂಡಿನವರು ಎತ್ತಿದ ವಾದ್ಯಗಳನ್ನು ಇಳಿಸಿ ಕಾದರು.