ನಿಂತಲ್ಲೇ ಸವೆದ ಟೈರು

ಗುಡಗೇರಿಯಲ್ಲಿ ನಾನು ಗುಮಾಸ್ತನಾಗಿದ್ದ, ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿಗೆ ಎಂಬತ್ತರ ದಶಕದಲ್ಲಿ ಹೊಸ ಪಿಕಪ್ ಬಂತು. ಅಂಗಡಿಯ ಚಕ್ಕಡಿಯನ್ನು ಇಪ್ಪತ್ತು ವರ್ಷ ಹೊಡೆದಿದ್ದ ಹಿರಿಯರೊಬ್ಬರೇ ಅದರ ಡ್ರೈವರಾದರು. ಎತ್ತಿನ ಹಗ್ಗ ಎಳೆದೆಳೆದು ಗಟ್ಟಿಯಾದ ತೋಳು. ಗಾಡಿ ನಿಂತರೂ ಅವರ ಕೈ ನಿಲ್ಲುತ್ತಿರಲಿಲ್ಲ. ಎರಡು ಚೀಲ ಏರಿದರೆ ಸಾಕು, ಕಿಟಕಿಯಿಂದ ತಲೆ ಹೊರಹಾಕಿ "ಹೋಗೂಣೇನ್ರಿ?" ಎನ್ನುತ್ತಿದ್ದರು.

ಗಾಡಿಯ ಜೊತೆಗೇ ಬಂದ ಟೈರುಗಳಲ್ಲಿ ಮುಂದಿನವೆರಡೂ ಎಂಟೇ ತಿಂಗಳಿಗೆ ಬೋಳಾದವು. "ಕಂಪನಿ ಟೈರ್ ಅಗದಿ ಕಚ್ಚಾ ಅದಾವ್ರಿ" ಎಂದು ಅವರು ಸಂತೆಯ ತುಂಬ ಹೇಳಿದರು. ಮಾಲಕರೂ ನಂಬಿ ಹೊಸ ಜೋಡಿ ಹಾಕಿಸಿದರು.

ಒಂದು ಮಧ್ಯಾಹ್ನ ರೈಲ್ವೆ ಸ್ಟೇಷನ್ ಅಂಗಳದಲ್ಲಿ ಚೀಲ ಹೇರಿಸುತ್ತಿದ್ದಾಗ ಕೆಳಗಿನಿಂದ ಕರಕರ ಸದ್ದು ಕೇಳಿಸಿತು. ನಿಂತ ಗಾಡಿಯ ಮುಂದಿನ ಗಾಲಿಗಳು ಕಲ್ಲುಹಾಸಿನ ಮೇಲೆ ಎಡಕ್ಕೂ ಬಲಕ್ಕೂ ಹೊರಳುತ್ತಿದ್ದವು. ಒಳಗೆ ಅವರು ಸ್ಟೇರಿಂಗ್ ತಿರುವುತ್ತ ಕೂತಿದ್ದರು. ಕರೆದು ತೋರಿಸಿದೆ. ಅವರು ಬಗ್ಗಿ ಕಲ್ಲನ್ನು ಬೆರಳಿನಿಂದ ಒರೆಸಿದರು. ಸವೆದ ರಬ್ಬರು ಹತ್ತಿ ಬೆರಳು ಕಪ್ಪಾಯಿತು.

"ಸುಮ್ನ ಕಂಪನಿಯವ್ರನ್ನ ಬೈದ್ನಲ್ರಿ," ಎಂದರು. "ಮಾಲಕರಿಗೆ ನಾನ ಹೇಳ್ತೀನಿ. ನಿಂತಾಗ ಸ್ಟೇರಿಂಗ್ ಮುಟ್ಟೂದಿಲ್ರಿ ಇನ್ನ."

ಮತ್ತೆ ಹತ್ತಿ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತರು. ನಾಲ್ಕನೆಯ ಚೀಲ ಏರುವಷ್ಟರಲ್ಲಿ ಮತ್ತೆ ಏನೋ ಸದ್ದು. ಇಣುಕಿ ನೋಡಿದೆ. ಕೈಗಳು ಇಟ್ಟಲ್ಲೇ ಇದ್ದವು. ಎಡಗಾಲು ಕ್ಲಚ್ಚನ್ನು ಒಂದೇ ಸಮನೆ ತುಳಿಯುತ್ತಿತ್ತು.